ತಪ್ಪಿನ ಹಿಂದಿನ ಸರಿ: ಪೈಥಾನ್ ಕಲಿಯುವವರ ಮೊದಲ ಪ್ರಶ್ನೆಗಳು



ಗಣಿತದ ಮೇಷ್ಟ್ರೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ಹಾಗಾಗಿ ಇವತ್ತಿನ ಮಾತು ತರಗತಿಯ ಒಳಗಿಂದಲೇ ಬರಬೇಕು ಅನ್ನಿಸಿತು. ಕಂಪ್ಯೂಟರ್ ಎಂದ ಕೂಡಲೇ ನಾಳೆ ಏನಾಗುತ್ತದೆ ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಮೊದಲ ತಿಂಗಳಲ್ಲಿ ವಿದ್ಯಾರ್ಥಿ ಎದ್ದುನಿಂತು ಕೇಳುವ ಪ್ರಶ್ನೆಗಳ ಬಗ್ಗೆ ಮಾತಾಡುತ್ತೇನೆ. ಪಾಠ ಹೇಳುತ್ತ ನನಗೆ ಖಚಿತವಾದದ್ದು ಇಷ್ಟು: ಹೊಸಬರ ತಪ್ಪುಗಳಲ್ಲಿ ಹೆಚ್ಚಿನವು, ಬೇರೆಲ್ಲೋ ಸರಿಯಾಗಿ ಕಲಿತದ್ದನ್ನು ಇಲ್ಲಿಗೆ ಹೊತ್ತು ತಂದದ್ದರಿಂದ ಆಗುತ್ತವೆ. ಆ ಸರಿಯನ್ನು ಗುರುತಿಸದೆ ತಪ್ಪನ್ನು ಮಾತ್ರ ತಿದ್ದಿದರೆ ಮುಂದಿನ ವಾರ ಅದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ.

ಉದಾಹರಣೆಗೆ ಪೈಥಾನ್ ಭಾಷೆಯನ್ನು ತೆಗೆದುಕೊಂಡಿದ್ದೇನೆ. ನೆದರ್‌ಲ್ಯಾಂಡ್ಸ್‌ನ ಗಿಡೊ ವಾನ್ ರಾಸಮ್ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧನಾ ಕೇಂದ್ರವೊಂದರಲ್ಲಿದ್ದಾಗ, 1989ರ ಕ್ರಿಸ್‌ಮಸ್ ರಜೆಯ ಹೊತ್ತಿಗೆ ಇದನ್ನು ಬರೆಯಲು ಕೂತರು. 1991ರ ಫೆಬ್ರುವರಿಯಲ್ಲಿ ಮೊದಲ ಆವೃತ್ತಿ ಹೊರಬಂತು. ಹೆಸರಿಗೂ ಹೆಬ್ಬಾವಿಗೂ ಸಂಬಂಧವಿಲ್ಲ. ಅದು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ಹೆಸರು. ಗಿಡೊ ಅದಕ್ಕೆ ಮೊದಲು ದುಡಿದಿದ್ದ ಎಬಿಸಿ ಎಂಬ ಭಾಷೆ, ವೃತ್ತಿಯಿಂದ ಪ್ರೋಗ್ರಾಮರ್ ಅಲ್ಲದವರಿಗಾಗಿಯೇ ರೂಪುಗೊಂಡದ್ದು. ಸಾಲಿನ ಆರಂಭದಲ್ಲಿ ಜಾಗ ಬಿಟ್ಟು ಬರೆಯುವ ನಿಯಮ ಪೈಥಾನಿಗೆ ಬಂದದ್ದು ಅಲ್ಲಿಂದಲೇ. ಹೊಸಬರನ್ನು ಮನಸ್ಸಿನಲ್ಲಿಟ್ಟುಕೊಂಡ ಭಾಷೆಯಲ್ಲೂ ಹೊಸಬರು ಎಲ್ಲೆಲ್ಲಿ ಎಡವುತ್ತಾರೆ ಎಂಬುದು ನೋಡಬೇಕಾದ ಸಂಗತಿ.

ಮೊದಲ ದಿನದ ಪ್ರಶ್ನೆಯಿಂದ ಶುರು ಮಾಡೋಣ. ಬೋರ್ಡಿನ ಮೇಲೆ ನಾನು ಹೀಗೆ ಬರೆದೆ:

ಬೆಲೆ = ಬೆಲೆ + 1

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ಸರ್, ಎರಡೂ ಕಡೆಯಿಂದ ಬೆಲೆಯನ್ನ ಕಳೆದುಬಿಟ್ಟರೆ ಸೊನ್ನೆ ಒಂದಕ್ಕೆ ಸಮ ಆಗುತ್ತಲ್ಲ?” ಎಂದ. ನಾನು ಆಗ ಹೊಸ ಅಧ್ಯಾಪಕ. “ಇಲ್ಲಿ ಹಾಗೇನೇ, ಬರ್ಕೋ” ಎಂದುಬಿಟ್ಟೆ. ಅವನು ಕೂತ, ಬರೆದುಕೊಂಡ. ಆ ವರ್ಷ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಉತ್ತರ ಕೊಟ್ಟದ್ದಕ್ಕೆ ನನಗೆ ಇಂದಿಗೂ ನೋವಿದೆ.

ಆ ಹುಡುಗ ಹೇಳಿದ್ದು ಅಪ್ಪಟ ಗಣಿತ. ಸಮ ಚಿಹ್ನೆಯನ್ನು ವೇಲ್ಸ್‌ನ ರಾಬರ್ಟ್ ರೆಕಾರ್ಡ್ 1557ರ ಪುಸ್ತಕವೊಂದರಲ್ಲಿ ಬಳಕೆಗೆ ತಂದ. ಸಮಾನಾಂತರವಾದ ಎರಡು ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಬೇರೇನಿದೆ ಎಂಬುದು ಅವನ ವಾದ. ಸರಿಯಾಗಿ ನಾನೂರು ವರ್ಷದ ಮೇಲೆ, 1957ರಲ್ಲಿ, ಫೋರ್‌ಟ್ರಾನ್ ಭಾಷೆ ಅದೇ ಚಿಹ್ನೆಗೆ ಬೇರೆ ಕೆಲಸ ಕೊಟ್ಟಿತು: ಬಲಗಡೆಯ ಲೆಕ್ಕವನ್ನು ಮೊದಲು ಮುಗಿಸು, ಬಂದ ಉತ್ತರಕ್ಕೆ ಎಡಗಡೆಯ ಹೆಸರಿಡು. ಆಲ್ಗಾಲ್ ಮತ್ತು ಪಾಸ್ಕಲ್ ಭಾಷೆಗಳವರು ಈ ಗೊಂದಲ ಬೇಡವೆಂದು := ಎಂದು ಬರೆದರು. ಸಿ ಭಾಷೆ ಬರೀ = ಸಾಕು ಎಂದಿತು, ಪೈಥಾನ್ ಅದೇ ದಾರಿ ಹಿಡಿಯಿತು, ಎರಡು ಸಮವೇ ಎಂದು ಕೇಳಲು == ಎಂಬ ಜೋಡಿ ಚಿಹ್ನೆ ಬಂತು. ಅಂದರೆ ಹುಡುಗನ ಗೊಂದಲಕ್ಕೆ ನಾಲ್ಕು ಶತಮಾನದ ಚರಿತ್ರೆ ಇದೆ. ಎರಡು ನಿಮಿಷ ಕೊಟ್ಟು ಇದನ್ನು ಹೇಳಿದ್ದರೆ ಅವನು ಸರಿ ಎಂದೂ ಆಗುತ್ತಿತ್ತು, ಯಂತ್ರದ ರೀತಿಯೂ ತಿಳಿಯುತ್ತಿತ್ತು.

“ಹೆಸರಿಡು” ಎಂದೆ. ಈ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಪಠ್ಯಪುಸ್ತಕಗಳು ವೇರಿಯಬಲ್ ಅಂದರೆ ಪೆಟ್ಟಿಗೆ, ಅದರೊಳಗೆ ಬೆಲೆ ಇಡುತ್ತೇವೆ ಎನ್ನುತ್ತವೆ. ಸಿ ಭಾಷೆಗೆ ಆ ಚಿತ್ರ ಹೊಂದುತ್ತದೆ. ಪೈಥಾನಿಗೆ ಹೊಂದುವುದಿಲ್ಲ, ಮತ್ತು ಹೊಸಬರ ಅರ್ಧದಷ್ಟು ಸಂಕಟ ಈ ಪೆಟ್ಟಿಗೆಯಿಂದಲೇ ಹುಟ್ಟುತ್ತದೆ ಎಂದು ನಾನು ನಂಬುತ್ತೇನೆ. ನೋಡಿ:

ಹಣ್ಣು = ["ಮಾವು", "ಹಲಸು"]
ಬುಟ್ಟಿ = ಹಣ್ಣು

ಈಗ ಬುಟ್ಟಿಯ ಪಟ್ಟಿಗೆ ಸೀಬೆಯನ್ನು ಸೇರಿಸಿ, ಆಮೇಲೆ ಹಣ್ಣು ಎಂಬುದನ್ನು ಮುದ್ರಿಸಿ. ಅಲ್ಲೂ ಸೀಬೆ ಇರುತ್ತದೆ. ಪೆಟ್ಟಿಗೆ ಎಂದು ಕಲಿತವರು ಗಾಬರಿಯಾಗುತ್ತಾರೆ: ಒಂದು ಪೆಟ್ಟಿಗೆಗೆ ಹಾಕಿದ್ದು ಇನ್ನೊಂದರಲ್ಲಿ ಹೇಗೆ ಬಂತು?

ನಾನು ಈಗ ತರಗತಿಯಲ್ಲಿ ಹೀಗೆ ಹೇಳುತ್ತೇನೆ. ಮನೆಯಲ್ಲಿ ಮಗುವನ್ನು ಪುಟ್ಟ ಎಂದು ಕರೆಯುತ್ತೀರಿ. ಶಾಲೆಯ ಹಾಜರಿಯಲ್ಲಿ ಅವನು ರಾಘವೇಂದ್ರ. ಅಪ್ಪ ಭಾನುವಾರ ಪುಟ್ಟನನ್ನು ಕ್ಷೌರಕ್ಕೆ ಕರೆದುಕೊಂಡು ಹೋದರೆ, ಸೋಮವಾರ ಶಾಲೆಗೆ ಬರುವ ರಾಘವೇಂದ್ರನ ತಲೆಯಲ್ಲಿ ಕೂದಲು ಉಳಿದಿರುತ್ತದೆಯೇ? ಹೆಸರು ಎರಡು, ಮಗು ಒಂದು. ಆದರೆ ಅದೇ ಮನೆಯಲ್ಲಿ ಇನ್ನೊಂದು ಮಗು ಹುಟ್ಟಿ, ಇನ್ನು ಮೇಲೆ ಅದನ್ನೇ ಪುಟ್ಟ ಎನ್ನೋಣ ಎಂದರೆ, ರಾಘವೇಂದ್ರನಿಗೆ ಏನೂ ಆಗುವುದಿಲ್ಲ. ಪೈಥಾನಿನಲ್ಲಿ = ಮಾಡುವುದು ನಾಮಕರಣ. ಪಟ್ಟಿಗೆ ಸೇರಿಸುವುದು, ತೆಗೆಯುವುದು, ವಿಂಗಡಿಸುವುದು ಕ್ಷೌರ. ಬೇರೆ ಪಟ್ಟಿಯೇ ಬೇಕಿದ್ದರೆ ಜೆರಾಕ್ಸ್ ಮಾಡಿಸಬೇಕು. ಪೈಥಾನಿನ ಕಾಪಿ ಎಂಬ ಆಜ್ಞೆ ಅದೇ.

ಈ ಒಂದು ಚಿತ್ರ ಗಟ್ಟಿಯಾದರೆ ಬೇರೆ ಒಗಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಮೂರು ಸೊನ್ನೆಗಳ ಒಂದು ಸಾಲು ಮಾಡಿ, ಆ ಸಾಲನ್ನು ಇನ್ನೊಂದು ಪಟ್ಟಿಯೊಳಗಿಟ್ಟು, ಆ ಪಟ್ಟಿಯನ್ನು ಮೂರರಿಂದ ಗುಣಿಸಿ ಸಿನಿಮಾ ಟಾಕೀಸಿನ ಆಸನಗಳ ನಕ್ಷೆ ಮಾಡಿದೆ ಎಂದುಕೊಳ್ಳುತ್ತಾನೆ ಹುಡುಗ. ಒಂದು ಆಸನ ಕಾದಿರಿಸಿದರೆ ಮೂರು ಸಾಲಿನಲ್ಲೂ ಅದೇ ಆಸನ ಭರ್ತಿಯಾಗುತ್ತದೆ. ಅವನ ಬಳಿ ಇದ್ದದ್ದು ಒಂದೇ ಸಾಲು, ಅದನ್ನು ಮೂರು ಸಲ ಕರೆದಿದ್ದಾನೆ. == ಮತ್ತು “ಈಸ್” ಎಂಬ ಪದಗಳ ವ್ಯತ್ಯಾಸವೂ ಇಲ್ಲೇ ಇದೆ. ಅವಳಿ ಮಕ್ಕಳು ನೋಡಲು ಒಂದೇ ಥರ, ಊಟಕ್ಕೆ ಮಾತ್ರ ಎರಡು ತಟ್ಟೆ ಬೇಕು. == ಕೇಳುವುದು ನೋಡಲು ಒಂದೇ ಥರವೇ ಎಂದು; “ಈಸ್” ಕೇಳುವುದು ಒಬ್ಬನೇ ವ್ಯಕ್ತಿಯೇ ಎಂದು.

ಇದೇ ಬೇರಿನ ಇನ್ನೊಂದು ತಪ್ಪನ್ನು ಅನುಭವಸ್ಥರೂ ಮಾಡುತ್ತಾರೆ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಫಂಕ್ಷನ್ ಒಂದನ್ನು ಬರೆದಿರಿ ಅನ್ನಿ. ಯಾರು ಎಷ್ಟು ಕೊಟ್ಟರು ಎಂಬುದನ್ನು ಅದು ಒಂದು ಪಟ್ಟಿಗೆ ಸೇರಿಸುತ್ತದೆ. ಪಟ್ಟಿ ಕೊಡದಿದ್ದರೆ ಖಾಲಿ ಪಟ್ಟಿಯಿಂದ ಶುರು ಮಾಡು ಎಂದು ಫಂಕ್ಷನ್ನಿನ ತಲೆಬರಹದಲ್ಲೇ ಬರೆದಿದ್ದೀರಿ. ಮೊದಲ ಮದುವೆಯ ಲೆಕ್ಕ ಸರಿಯಾಗಿ ಬರುತ್ತದೆ. ಎರಡನೇ ಮದುವೆಗೆ ಅದೇ ಫಂಕ್ಷನ್ನನ್ನು ಕರೆದರೆ, ಮೊದಲ ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರೆಲ್ಲ ಆಗಲೇ ಅಲ್ಲಿ ಕೂತಿರುತ್ತವೆ! ಪೈಥಾನ್ ತಲೆಬರಹವನ್ನು ಓದುವುದು ಫಂಕ್ಷನ್ ಹುಟ್ಟುವಾಗ ಒಂದೇ ಸಲ. ಖಾಲಿ ಪುಸ್ತಕ ಆಗ ಒಂದು ಬಂತು. ಎಲ್ಲ ಮದುವೆಗೂ ಅದೇ ಪುಸ್ತಕ. ತಲೆಬರಹದಲ್ಲಿ “ನನ್” ಎಂಬ ಪದವನ್ನು, ಅಂದರೆ ಏನೂ ಇಲ್ಲ ಎಂಬುದನ್ನು ಇಟ್ಟು, ಒಳಗೆ ಹೋದ ಮೇಲೆ ಹೊಸ ಪಟ್ಟಿ ತೆರೆಯುವುದು ರೂಢಿಯ ಪರಿಹಾರ.

ಪ್ರಿಂಟ್ ಮತ್ತು ರಿಟರ್ನ್ ಒಂದೇ ಎಂದು ಭಾವಿಸುವವರಿಗೆ ಉದ್ದದ ಪಾಠ ಬೇಡ. ಅಂಗಡಿಯವನು ಚಿಲ್ಲರೆ ಎಷ್ಟೆಂದು ಕೂಗಿ ಹೇಳುವುದು ಬೇರೆ, ಕೈಗೆ ಕೊಡುವುದು ಬೇರೆ. ಕೂಗಿದ್ದನ್ನು ಜೇಬಿಗೆ ಹಾಕಿಕೊಳ್ಳಲಾಗುವುದಿಲ್ಲ.

ಎಣಿಕೆ ಸೊನ್ನೆಯಿಂದ ಏಕೆ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕನ್ನಡದಲ್ಲಿ ಇದನ್ನು ವಿವರಿಸುವುದು ಸುಲಭ, ಏಕೆಂದರೆ ನಮ್ಮಲ್ಲಿ “ವರ್ಷ ತುಂಬುವುದು” ಎಂಬ ಮಾತಿದೆ. ಮಗು ಹುಟ್ಟಿದ ದಿನವೇ ತನ್ನ ಮೊದಲನೇ ವರ್ಷದೊಳಗೆ ಕಾಲಿಟ್ಟಿದೆ, ಆದರೆ ತುಂಬಿದ ವರ್ಷ ಸೊನ್ನೆ. ಪಟ್ಟಿಯ ಮೊದಲ ವಸ್ತುವಿನ ಸಂಖ್ಯೆ ಸೊನ್ನೆ ಎಂದರೆ, ಅದನ್ನು ತಲುಪಲು ದಾಟಿ ಬಂದ ವಸ್ತುಗಳು ಸೊನ್ನೆ ಎಂದರ್ಥ. ರೇಂಜ್ 1ರಿಂದ 10 ಎಂದರೆ ಹತ್ತು ಏಕೆ ಬರುವುದಿಲ್ಲ ಎಂಬುದಕ್ಕೂ ಉತ್ತರ ಹತ್ತಿರದಲ್ಲೇ ಇದೆ. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರ 1982ರಲ್ಲಿ ಕೈಬರಹದ ಸಣ್ಣ ಟಿಪ್ಪಣಿಯೊಂದರಲ್ಲಿ ಇದನ್ನು ವಾದಿಸಿದ್ದಾರೆ: ಆರಂಭವನ್ನು ಸೇರಿಸಿ ಕೊನೆಯನ್ನು ಬಿಟ್ಟರೆ, ಕೊನೆಯಿಂದ ಆರಂಭವನ್ನು ಕಳೆದದ್ದೇ ಒಟ್ಟು ಎಣಿಕೆ. ಹತ್ತರಲ್ಲಿ ಒಂದು ಕಳೆದರೆ ಒಂಬತ್ತು, ಬರುವುದೂ ಒಂಬತ್ತೇ. ನನಗೆ ಈ ವಾದ ಪೂರ್ತಿ ಒಪ್ಪಿಗೆ.

ಕೀಲಿಮಣೆಯಿಂದ ಓದಿದ 45 ಮತ್ತು 50ನ್ನು ಕೂಡಿಸಿದರೆ 4550 ಬರುವುದು, ಹಾಜರಿ ಸಂಖ್ಯೆಗಳು 1, 10, 100, 2 ಎಂಬ ಕ್ರಮದಲ್ಲಿ ನಿಲ್ಲುವುದು, ಇವೆಲ್ಲ ಒಂದೇ ಜಾತಿಯವು. ಇನ್‌ಪುಟ್ ಆಜ್ಞೆ ಯಾವಾಗಲೂ ಅಕ್ಷರಗಳನ್ನೇ ತಂದುಕೊಡುತ್ತದೆ. ಅಕ್ಷರಗಳಿಗೆ ನಿಘಂಟಿನ ಕ್ರಮ. ಇಂಟ್ ಎಂದು ಹೇಳಿ ಸಂಖ್ಯೆಯಾಗಿ ಮಾಡಿಕೊಳ್ಳಬೇಕು.

ಈಗ ಹಣದ ಲೆಕ್ಕಕ್ಕೆ ಬರುತ್ತೇನೆ. 0.1 + 0.2 ಎಂದು ಕೇಳಿದರೆ ಪೈಥಾನ್ 0.30000000000000004 ಎನ್ನುತ್ತದೆ. 0.1ನ್ನು ಹತ್ತು ಸಲ ಒಂದೊಂದಾಗಿ ಕೂಡುತ್ತ ಹೋದರೆ 0.9999999999999999 ಸಿಗುತ್ತದೆ. ಕಂಪ್ಯೂಟರಿಗೆ ಲೆಕ್ಕ ಬರುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ನಮ್ಮ ಅಜ್ಜಂದಿರ ಬಾಯಲ್ಲಿತ್ತು. ಅರೆ, ಕಾಲು, ಅರೆಕಾಲು, ವೀಸ. ಅಂದರೆ ಎರಡರಲ್ಲಿ ಒಂದು, ನಾಲ್ಕರಲ್ಲಿ ಒಂದು, ಎಂಟರಲ್ಲಿ ಒಂದು, ಹದಿನಾರರಲ್ಲಿ ಒಂದು. ಹಳೆಯ ಕನ್ನಡ ಅಂಗಡಿಯ ಭಿನ್ನರಾಶಿಗಳು ಅರ್ಧಕ್ಕೆ ಅರ್ಧ ಮಾಡುತ್ತ ಹೋದವು. ಯಂತ್ರದ ಭಿನ್ನರಾಶಿಗಳೂ ಅವೇ. ಅದು ಎಲ್ಲ ಸಂಖ್ಯೆಯನ್ನೂ ಅರೆ, ಕಾಲು, ಅರೆಕಾಲು, ವೀಸಗಳ ಮೊತ್ತವಾಗಿಯೇ ಬರೆದಿಡುತ್ತದೆ.

1957ರ ಏಪ್ರಿಲ್ 1ರ ತನಕ ನಮ್ಮ ರೂಪಾಯಿಗೆ ಹದಿನಾರಾಣೆ. ಒಂದಾಣೆ ಅಂದರೆ ರೂಪಾಯಿಯ ವೀಸ ಭಾಗ, 0.0625. ಅದನ್ನು ಹದಿನಾರು ಸಲ ಕೂಡಿ ನೋಡಿ, ಪೈಥಾನ್ ಸರಿಯಾಗಿ 1.0 ಕೊಡುತ್ತದೆ, ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ. ದಶಮಾಂಶ ನಾಣ್ಯ ಬಂದ ಮೇಲಿನ ಹತ್ತು ಪೈಸೆ ಮಾತ್ರ ಅದರ ಕೈಗೆ ಪೂರ್ತಿ ಸಿಗುವುದಿಲ್ಲ. ಹತ್ತರಲ್ಲಿ ಒಂದನ್ನು ಅರೆ, ಕಾಲು, ವೀಸಗಳಿಂದ ಎಷ್ಟು ಕೂಡಿಸಿದರೂ ಒಂದಿಷ್ಟು ಹೆಚ್ಚು ಇಲ್ಲವೇ ಕಡಿಮೆ. ಮೂರರಲ್ಲಿ ಒಂದನ್ನು ನಾವು 0.333 ಎಂದು ಬರೆಯುತ್ತ ಹೋಗಿ ಎಲ್ಲೋ ನಿಲ್ಲಿಸುವ ಹಾಗೆ, ಯಂತ್ರವೂ 53 ಬಿಟ್‌ಗಳಿಗೆ ನಿಲ್ಲಿಸುತ್ತದೆ. ಇದನ್ನು ನಾನು ಆಣೆಯ ಕಾಲದ ಹಿರಿಯರೊಬ್ಬರಿಗೆ ವಿವರಿಸಿದಾಗ ಅವರಿಗೆ ನನ್ನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಿಂತ ಬೇಗ ಅರ್ಥವಾಯಿತು.

ಇದು ಬರೀ ಪರೀಕ್ಷೆಯ ಪ್ರಶ್ನೆ ಅಲ್ಲ. ಪೈಥಾನ್ ಹೊರಬಂದ ಅದೇ 1991ರ ಫೆಬ್ರುವರಿಯಲ್ಲಿ, 25ನೇ ತಾರೀಕು, ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯೊಂದನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಆ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು, ಆ 0.1ನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಇಟ್ಟಿದ್ದರು. ನೂರು ಗಂಟೆ ಬಿಡುವಿಲ್ಲದೆ ನಡೆದಾಗ ಸಣ್ಣ ಕೊರತೆ ಬೆಳೆದು ಸುಮಾರು ಸೆಕೆಂಡಿನ ಮೂರನೇ ಒಂದು ಭಾಗವಾಯಿತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಮಾತು: ಹಣವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಡಿ, ಇಲ್ಲವೇ ಪೈಥಾನಿನ ಡೆಸಿಮಲ್ ಎಂಬ ಸೌಲಭ್ಯ ಬಳಸಿ. ಎರಡು ಭಿನ್ನಾಂಕಗಳನ್ನು == ಹಾಕಿ ಹೋಲಿಸಬೇಡಿ.

ಇನ್ನು ನನಗೆ ಬಹಳ ಹತ್ತಿರವಾದ ವಿಷಯ. ಕನ್ನಡದಲ್ಲೇ ಏನಾದರೂ ಮಾಡಬೇಕೆಂದು ಹೊರಟ ಹುಡುಗ ಹುಡುಗಿಯರು ಎದುರಿಸುವ ತೊಡಕುಗಳು ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುವುದೇ ಅಪರೂಪ. 2008ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಪೈಥಾನಿನಲ್ಲಿ ಕನ್ನಡ ಅಕ್ಷರಗಳಲ್ಲೇ ಹೆಸರಿಡಬಹುದು. ಮೇಲೆ ಬರೆದ ಬೆಲೆ, ಹಣ್ಣು, ಬುಟ್ಟಿ ಎಲ್ಲವೂ ನಿಜವಾಗಿ ನಡೆಯುವ ಪೈಥಾನ್. ಭಾಷೆಯ 35 ಮೀಸಲು ಪದಗಳು ಮಾತ್ರ ಇಂಗ್ಲಿಷಿನವು. ಆದರೆ “ಟಿಕೆಟ್‌ದರ” ಎಂದು ಹೆಸರಿಟ್ಟು ನೋಡಿ, ತಪ್ಪು ಎನ್ನುತ್ತದೆ. ಟ್ ಮತ್ತು ದ ಒತ್ತಕ್ಷರವಾಗಿ ಅಂಟಿಕೊಳ್ಳದಿರಲಿ ಎಂದು ನಾವು ನಡುವೆ ಕಣ್ಣಿಗೆ ಕಾಣದ ಬಿಡಿಸುವ ಸಂಕೇತವೊಂದನ್ನು ಒತ್ತುತ್ತೇವಲ್ಲ, ಅದನ್ನು ಪೈಥಾನ್ ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದೇ ಕಾಣದ ಸಂಕೇತ ಪದದ ಕೊನೆಯಲ್ಲಿ ಉಳಿದುಬಿಟ್ಟರೆ, ನೋಡಲು ತದ್ರೂಪವಾದ ಎರಡು ಹೆಸರುಗಳು ಸಮವಲ್ಲ ಎಂಬ ಉತ್ತರ ಬರುತ್ತದೆ. ಖಾಲಿ ಜಾಗ ಕತ್ತರಿಸುವ ಸ್ಟ್ರಿಪ್ ಆಜ್ಞೆಗೂ ಅದು ಸಿಗುವುದಿಲ್ಲ.

“ಕನ್ನಡ” ಎಂಬ ಪದದ ಉದ್ದ ಕೇಳಿದರೆ ಪೈಥಾನ್ 5 ಎನ್ನುತ್ತದೆ. ನಮಗೆ ಅದು ಮೂರು ಅಕ್ಷರ. ಯಂತ್ರ ಎಣಿಸಿದ್ದು ಕ, ನ, ವಿರಾಮ, ನ, ಡ. “ಮೈಸೂರು” ಎಂಬುದನ್ನು ಹಿಂದುಮುಂದು ಮಾಡಿದರೆ ಕೊಂಬು ಎಲ್ಲಕ್ಕೂ ಮುಂಚೆ ಅನಾಥವಾಗಿ ನಿಂತು, ಐತ್ವ ಮ ಅಕ್ಷರವನ್ನು ಬಿಟ್ಟು ಸ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಕನ್ನಡದಲ್ಲಿ ಹೆಸರು ತುಂಬುವ ಅರ್ಜಿಯೊಂದನ್ನು ಬರೆದಿದ್ದಳು. ಹೆಸರಿನಲ್ಲಿ ಅಕ್ಷರಗಳು ಮಾತ್ರ ಇವೆಯೇ ಎಂದು ನೋಡಲು ಪೈಥಾನಿನ ಈಸ್‌ಆಲ್ಫಾ ಎಂಬ ಆಜ್ಞೆ ಬಳಸಿದ್ದಳು. ಅರ್ಜಿ ಕಮಲಳನ್ನು ಒಳಗೆ ಬಿಟ್ಟಿತು, ಗೀತಾಳನ್ನು ತಿರಸ್ಕರಿಸಿತು. ಆ ಆಜ್ಞೆಯ ಲೆಕ್ಕದಲ್ಲಿ ಗುಣಿತ ಚಿಹ್ನೆಗಳು ಅಕ್ಷರವಲ್ಲ! ದೀರ್ಘ, ಗುಡಿಸು, ಕೊಂಬು ಇರುವ ನಮ್ಮ ಹೆಸರುಗಳೆಲ್ಲ ಅದಕ್ಕೆ ಅಕ್ಷರವಲ್ಲದವು. ಎರಡು ದಿನ ತನ್ನದೇ ತಪ್ಪೆಂದು ಆಕೆ ಕೊರಗಿದ್ದಳು. ತಪ್ಪು ಆಕೆಯದಲ್ಲ, ಅಕ್ಷರ ಎಂದರೇನು ಎಂಬ ಆಕೆಯ ತಿಳಿವಳಿಕೆ ಸರಿಯಾಗಿತ್ತು.

ಕನ್ನಡ ಅಂಕಿಗಳ ವಿಷಯದಲ್ಲಿ ಸಂತೋಷದ ಸಂಗತಿಯೊಂದಿದೆ. ಕೀಲಿಮಣೆಯಲ್ಲಿ ೧೨ ಎಂದು ಒತ್ತಿ ಇಂಟ್ ಎಂಬುದಕ್ಕೆ ಕೊಟ್ಟರೆ ಅದು ಹನ್ನೆರಡು ಎಂದೇ ತಿಳಿಯುತ್ತದೆ. ಪ್ರೋಗ್ರಾಮಿನ ಸಾಲಿನಲ್ಲಿ ನೇರವಾಗಿ ೧೨ ಎಂದು ಬರೆದರೆ ಮಾತ್ರ ಒಪ್ಪುವುದಿಲ್ಲ. ಕನ್ನಡ ಪಠ್ಯವನ್ನು ಕಡತಕ್ಕೆ ಬರೆಯುವಾಗ ವಿಂಡೋಸ್ ಕಂಪ್ಯೂಟರುಗಳಲ್ಲಿ “ಚಾರ್‌ಮ್ಯಾಪ್” ಎಂದು ಶುರುವಾಗುವ ತಪ್ಪು ಬಂದರೆ, ಕಡತ ತೆರೆಯುವ ಸಾಲಿನಲ್ಲೇ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿಬಿಡಿ. ಇದೊಂದು ಸಾಲು ಗೊತ್ತಿಲ್ಲದೆ ಕನ್ನಡದ ಕೆಲಸವನ್ನೇ ಕೈಬಿಟ್ಟ ಮಕ್ಕಳನ್ನು ನಾನು ನೋಡಿದ್ದೇನೆ.

ಕೊನೆಯದಾಗಿ, ತಪ್ಪಿನ ಸಂದೇಶ ಓದುವುದು. ತೆರೆಯ ಮೇಲೆ ಕೆಂಪು ಸಾಲುಗಳು ಬಂದ ಕೂಡಲೇ ಮಕ್ಕಳು ಕಣ್ಣು ತಿರುಗಿಸುತ್ತಾರೆ, ಬೈದರೇನೋ ಎಂಬ ಹಾಗೆ. ಓದುವವರೂ ಮೇಲಿನಿಂದ ಓದುತ್ತಾರೆ. ಪೈಥಾನ್ ತಾನು ನಡೆದು ಬಂದ ದಾರಿಯನ್ನು ಮೇಲಿನಿಂದ ಬರೆದು, ಮುಗ್ಗರಿಸಿದ ಜಾಗವನ್ನು ಕೊನೆಯಲ್ಲಿ ಹೇಳುತ್ತದೆ. ಮೊದಲು ಕೊನೆಯ ಸಾಲನ್ನು ಓದಬೇಕು. ನೇಮ್‌ಎರರ್ ಎಂದರೆ ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು. ಹತ್ತರಲ್ಲಿ ಒಂಬತ್ತು ಸಲ ಕಾಗುಣಿತದ ತಪ್ಪು. ಟೈಪ್‌ಎರರ್ ಎಂದರೆ ಬೇರೆ ಬೇರೆ ಜಾತಿಯ ವಸ್ತುಗಳನ್ನು ಕೂಡಿಸಹೊರಟಿದ್ದೀರಿ ಎಂದು. ಜೀರೋಡಿವಿಷನ್‌ಎರರ್ ಎಂಬುದು ಹೆಸರೇ ಹೇಳುವ ಹಾಗೆ ಸೊನ್ನೆಯಿಂದ ಭಾಗಿಸಿದ್ದಕ್ಕೆ.

ಈ ಮೂರನೆಯದು ಬಂದಾಗ ನಾನು ಮಕ್ಕಳಿಗೆ ಮಹಾವೀರಾಚಾರ್ಯರ ಕಥೆ ಹೇಳುತ್ತೇನೆ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅವರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಅದರಲ್ಲಿ ಹೇಳಿದ್ದಾರೆ. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. ಆದರೆ ಯೋಚಿಸಿ: ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ಬುಟ್ಟಿಯಲ್ಲಿದ್ದ ಹಣ್ಣು ಬುಟ್ಟಿಯಲ್ಲೇ ಉಳಿಯುತ್ತದೆ. ಅಂಥ ದೊಡ್ಡ ಗಣಿತಜ್ಞರೇ ಎಡವಿದ ಜಾಗದಲ್ಲಿ ಹದಿನೇಳು ವರ್ಷದ ಹುಡುಗ ಎಡವಿದರೆ ಅವಮಾನವೇನಿದೆ?

ಇಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ವಿದ್ಯಾರ್ಥಿ ತಪ್ಪು ತಂದು ತೋರಿಸಿದಾಗ ಕೀಲಿಮಣೆಯನ್ನು ಅವರ ಕೈಯಿಂದ ತೆಗೆದುಕೊಳ್ಳಬೇಡಿ. ಕೊನೆಯ ಸಾಲನ್ನು ಗಟ್ಟಿಯಾಗಿ ಓದಲು ಹೇಳಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ, ಏನಾಗುತ್ತದೆ ಎಂದುಕೊಂಡಿದ್ದೆ ಎಂದು ಕೇಳಿ. ಅವರು ಕೊಟ್ಟ ಉತ್ತರವನ್ನು ಅವರ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಬಳಿ ಅಂಥ ಮೂರು ನೋಟ್‌ಬುಕ್ಕುಗಳಿವೆ. ಮೊದಲ ಪುಟದಲ್ಲಿ ಹಿಂದಿನ ಬೆಂಚಿನ ಆ ಹುಡುಗನ ಪ್ರಶ್ನೆ ಇದೆ. ನಿಮ್ಮ ನೋಟ್‌ಬುಕ್ಕುಗಳೂ ಸೇರಿದರೆ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಒಂದು ಒಳ್ಳೆಯ ಪುಸ್ತಕ ಆಗುತ್ತದೆ. ದಯವಿಟ್ಟು ಈ ವಾರವೇ ಬರೆಯಲು ಶುರು ಮಾಡಿ.